ಸರ್ವರ್ ನಿಲ್ಲದಂತೆ ಕಾಯುವುದು ಯಂತ್ರದ ಕೆಲಸವೇ?

ಪರ: ಹೌದು, ಯಂತ್ರವೇ ಕಾಯಬೇಕು

ಒಂದು ಖಾತೆಯಿಂದ ಹಣ ಕಳೆದಿದೆ, ಇನ್ನೊಂದಕ್ಕೆ ಸೇರಿಲ್ಲ, ನಡುವೆ ಕಂಪ್ಯೂಟರ್ ನಿಂತಿದೆ. ಬ್ಯಾಂಕಿನ ಸರ್ವರ್ ಕೋಣೆಯಲ್ಲಿ ದುಡಿದವರನ್ನು ಇದಕ್ಕಿಂತ ಹೆಚ್ಚು ಹೆದರಿಸುವ ಸಂಗತಿ ಬೇರೊಂದಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಮ್ಮಿ ಟ್ರೇಬಿಗ್ ಟ್ಯಾಂಡೆಮ್ ಕಂಪನಿ ಕಟ್ಟಿದ್ದು ಈ ಭಯ ನೀಗಿಸಲೆಂದೇ. 1976ರಲ್ಲಿ ಅದರ ಮೊದಲ ನಾನ್‌ಸ್ಟಾಪ್ ಯಂತ್ರ ಹೋದದ್ದೂ ಸಿಟಿಬ್ಯಾಂಕಿಗೆ.

1980ರಲ್ಲಿ ಹುಟ್ಟಿದ ಸ್ಟ್ರ್ಯಾಟಸ್ ಕಂಪನಿ ಇನ್ನೂ ಮುಂದೆ ಹೋಯಿತು. ಒಂದು ಸರ್ಕ್ಯೂಟ್ ಬೋರ್ಡಿನಲ್ಲಿ ಎರಡು ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್. ಎರಡೂ ಒಂದೇ ಕ್ಲಾಕಿನ ಮಿಡಿತಕ್ಕೆ ಒಂದೇ ಲೆಕ್ಕ ಮಾಡುತ್ತವೆ. ಉತ್ತರ ಹೊಂದದಿದ್ದರೆ ಬೋರ್ಡು ತಾನಾಗಿ ಹಿಂದೆ ಸರಿಯುತ್ತದೆ. ಅದೇ ಲೆಕ್ಕವನ್ನು ಮಾಡುತ್ತಲೇ ಇದ್ದ ಜೋಡಿ ಬೋರ್ಡು ಹಾಗೇ ಮುಂದುವರಿಯುತ್ತದೆ. ಲಾಕ್‌ಸ್ಟೆಪ್ ಎಂದರೆ ಇದು. ಇಲ್ಲಿ ಫೇಲ್‌ಓವರ್‌ಗೆ, ಅಂದರೆ ಕೆಟ್ಟ ಯಂತ್ರದ ಕೆಲಸ ಇನ್ನೊಂದಕ್ಕೆ ವರ್ಗವಾಗುವುದಕ್ಕೆ, ಕಾಯುವುದಿಲ್ಲ, ಡೇಟಾಬೇಸ್ ಮತ್ತೆ ಎಬ್ಬಿಸುವುದಿಲ್ಲ, ಅಪ್ಲಿಕೇಶನ್ ಬರೆದವರಿಗೆ ವಿಷಯವೇ ತಿಳಿಯಬೇಕಿಲ್ಲ. ಅಪ್ಲಿಕೇಶನ್ ಬರೆದವರಿಗೆ ತಿಳಿಯಬೇಕಿಲ್ಲ ಎಂಬುದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನಲ್ಲಿ ಒಂದು ಮಾರ್ಚ್ 31ರ ರಾತ್ರಿ ವಾರ್ಷಿಕ ಕ್ಲೋಸಿಂಗ್ ನಡೆದಿತ್ತು. ಬಡ್ಡಿ ಹಾಕುವ ಬ್ಯಾಚ್ ಓಡುತ್ತಿದೆ, ಶಾಖೆಗಳಿಂದ ಫೋನ್ ಮೇಲೆ ಫೋನ್. ಬೆಳಗಿನ ಜಾವ ಕಾಫಿಗೆಂದು ಎದ್ದ ಸಹೋದ್ಯೋಗಿಯ ಕಣ್ಣಿಗೆ ಒಂದು ಬೋರ್ಡಿನ ಕೆಂಪು ದೀಪ ಬಿತ್ತು. ಲಾಗ್ ತೆಗೆದು ನೋಡಿದರೆ ಅದು ಕೆಟ್ಟದ್ದು ಮಧ್ಯರಾತ್ರಿಗೂ ಮುಂಚೆ! ಬ್ಯಾಚಿನಲ್ಲಿ ಒಂದು ಎಂಟ್ರಿಯೂ ತಪ್ಪಿರಲಿಲ್ಲ. ಬದಲಿ ಬೋರ್ಡು ಬಂದಾಗ ಯಂತ್ರ ನಿಲ್ಲಿಸದೆಯೇ ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದೆವು. ಏಪ್ರಿಲ್ 2ರಂದು ಪಾಸ್‌ಬುಕ್ ಹಿಡಿದು ಬಂದ ಒಬ್ಬ ಗ್ರಾಹಕರಿಗೂ ಅದು ಗೊತ್ತಾಗಲಿಲ್ಲ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಹೆಮ್ಮೆಯ ರಾತ್ರಿ ಇನ್ನೊಂದಿಲ್ಲ.

ಅಗ್ಗದ ಕಂಪ್ಯೂಟರ್ ಪೆಟ್ಟಿಗೆಗಳನ್ನು ಪೇರಿಸಿ, ಕೆಟ್ಟರೆ ಬಿಸಾಡಿ ಎನ್ನುವವರಿಗೆ ಹಣದ ಲೆಕ್ಕದ ಪರಿಚಯವಿಲ್ಲ. ವೆಬ್ ಹುಡುಕಾಟ ತಪ್ಪಿದರೆ ಮತ್ತೆ ಹುಡುಕಬಹುದು. ಶೇ. 99.999 ಲಭ್ಯತೆ ಎಂದರೆ ವರ್ಷವಿಡೀ ಸೇರಿ ಯಂತ್ರ ಸುಮಾರು 5 ನಿಮಿಷ ಮಾತ್ರ ನಿಲ್ಲಬಹುದು. ಕ್ಲಸ್ಟರಿನಲ್ಲಿ, ಅಂದರೆ ಒಟ್ಟಾಗಿ ದುಡಿಯುವ ಇಂಥ ಪೆಟ್ಟಿಗೆಗಳ ಗುಂಪಿನಲ್ಲಿ, ಯಾವ ನೋಡ್ (ಪೆಟ್ಟಿಗೆ) ಸತ್ತಿದೆ ಎಂದು ತೀರ್ಮಾನಿಸಿ, ಇನ್ನೊಂದನ್ನು ಎಬ್ಬಿಸುವಷ್ಟರಲ್ಲೇ ಆ 5 ನಿಮಿಷ ಮುಗಿದುಹೋಗಬಹುದು. ಸಾಫ್ಟ್‌ವೇರ್ ದೋಷದ ಮಾತು ಬೇರೆ, ಅದು ಬರೆಯುವವರ ಶಿಸ್ತಿಗೆ ಬಿಟ್ಟದ್ದು.

ವಿರೋಧ: ಯಂತ್ರವೊಂದರಿಂದಲೇ ಆಗದು

ಹಣದ ಲೆಕ್ಕಕ್ಕೆ ಇಂಥ ಯಂತ್ರ ಒಳ್ಳೆಯದು ಎಂಬುದನ್ನು ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸರ್ವರ್ ನಿಲ್ಲುವುದು ಬೋರ್ಡು ಕೆಟ್ಟಾಗ ಮಾತ್ರವೇ? ಟ್ಯಾಂಡೆಮ್‌ನಲ್ಲೇ ಇದ್ದ ಜಿಮ್ ಗ್ರೇ 1985ರಲ್ಲಿ ತಮ್ಮ ಕಂಪನಿಯ ಯಂತ್ರಗಳು ನಿಂತ ಕಾರಣಗಳನ್ನು ಪಟ್ಟಿ ಮಾಡಿದರು. ಹಾರ್ಡ್‌ವೇರ್‌ನ ಪಾಲು ಶೇ. 18. ಸಾಫ್ಟ್‌ವೇರ್‌ನದು 25. ಯಂತ್ರ ನಡೆಸುವವರ, ನಿರ್ವಹಣೆಯವರ ಪಾಲು 42. ಬೋರ್ಡುಗಳನ್ನು ಜೋಡಿ ಮಾಡಿದರೆ ಆ 18ಕ್ಕೆ ಮದ್ದಾಯಿತು, ಉಳಿದದ್ದಕ್ಕೆ?

1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲ ಸುಮಾರು 9 ಗಂಟೆ ಕುಸಿಯಿತು. ಒಂದು ಸ್ವಿಚ್, ಅಂದರೆ ಕರೆಗಳನ್ನು ದಾರಿಗೆ ಹಚ್ಚುವ ಕಂಪ್ಯೂಟರ್, ತನ್ನನ್ನು ತಾನೇ ಸರಿಪಡಿಸಿಕೊಂಡು ಮರಳಿತು. ಮರಳಿದ ಸುದ್ದಿ ತಲುಪಿದ್ದೇ ಪಕ್ಕದ ಸ್ವಿಚ್‌ಗಳು ಬಿದ್ದವು. 114 ಸ್ವಿಚ್‌ಗಳಲ್ಲೂ ಅದೇ ಸಾಫ್ಟ್‌ವೇರ್, ಅದೇ ದೋಷ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿನಲ್ಲೂ ಹೀಗೇ ಆಯಿತು: ದಿಕ್ಕು ತಿಳಿಸುವ ಎರಡು ಘಟಕಗಳು ಒಂದೇ ಪ್ರೋಗ್ರಾಂ ಓಡಿಸುತ್ತಿದ್ದವು, ಮೊದಲು ಬ್ಯಾಕಪ್, ಕ್ಷಣದಲ್ಲೇ ಮುಖ್ಯ ಘಟಕ, ಎರಡೂ ಒಂದೇ ತಪ್ಪಿಗೆ ಕೈಕೊಟ್ಟವು. ಲಾಕ್‌ಸ್ಟೆಪ್‌ನಲ್ಲಿ ಎರಡು ಪ್ರೊಸೆಸರ್ ಒಂದೇ ತಪ್ಪು ಉತ್ತರ ಕೊಟ್ಟರೆ ಉತ್ತರ ಹೊಂದಿತೆಂದೇ ಲೆಕ್ಕ.

ಅಲ್ಲದೆ ಜೋಡಿ ಬೋರ್ಡುಗಳೆರಡೂ ಇರುವುದು ಒಂದೇ ಕೋಣೆಯಲ್ಲಿ. ಅಲ್ಲಿಗೆ ನೀರು ನುಗ್ಗಿದರೆ ಎರಡೂ ಹೋದವು. ಇನ್ನೊಂದು ಊರಿನಲ್ಲಿ ಪ್ರತಿ ಇಟ್ಟು ನಡೆಸಲು ಸಾಫ್ಟ್‌ವೇರೇ ಬೇಕು. ಗೂಗಲ್ 2003ರಲ್ಲಿ ವಿವರಿಸಿದ ಫೈಲ್ ಸಿಸ್ಟಂ (ಕಡತಗಳನ್ನು ಕಾದಿಡುವ ಸಾಫ್ಟ್‌ವೇರ್), ಭಾಗಗಳು ಕೆಡುತ್ತಲೇ ಇರುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಸಾಮಾನ್ಯ ಯಂತ್ರಗಳ ಮೇಲೆ ಮೂರು ಪ್ರತಿ ಇಡುತ್ತಿತ್ತು. ಬಜೆಟ್ ಕಡಿಮೆಯಿರುವ ಸಹಕಾರಿ ಬ್ಯಾಂಕು ಮೊದಲು ಹಣ ಹಾಕಬೇಕಾದದ್ದು ಬೇರೆ ಊರಿನ ಪ್ರತಿಗೆ, ಆಮೇಲೆ ಅದನ್ನು ನಡೆಸುವವರ ತರಬೇತಿಗೆ.