ಕೆಮ್ಮಿಗೆ ಸಿರಪ್ಪು, ಜನಕ್ಕೆ ಜಾಥಾ

ನಮ್ಮ ಕಡೆ ಯಾವ ಕಾಯಿಲೆ ಹೆಚ್ಚಾದರೂ ಮೊದಲು ನಡೆಯೋದು ಜಾಥಾ. ಶಾಲೆ ಮಕ್ಕಳ ಕೈಗೆ ಫಲಕ ಕೊಟ್ಟು, ಬಿಸಿಲಲ್ಲಿ ಬಸ್ ಸ್ಟ್ಯಾಂಡ್‌ವರೆಗೂ ನಡೆಸಿ, ಫೋಟೊ ಹೊಡೆದು, 'ಗ್ರಾಮೀಣ ಜನರಲ್ಲಿ ಅರಿವಿನ ಕೊರತೆ ಇದೆ' ಅಂತ ಯಾರಾದರೊಬ್ಬರು ಮೈಕಲ್ಲಿ ಹೇಳಿದರೆ ಕಾರ್ಯಕ್ರಮ ಮುಗೀತು. ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಟಿಬಿ ವಿಷಯದಲ್ಲಂತೂ ಅದು ಅರ್ಧ ಸತ್ಯ ಕೂಡ ಅಲ್ಲ ಅಂತ ಅರವತ್ತು ವರ್ಷದ ಹಿಂದೆಯೇ ಗೊತ್ತಾಗಿದೆ. ಅದೂ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ.

1959ರಲ್ಲಿ ಬೆಂಗಳೂರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಅವರು ನಮ್ಮ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಎಕ್ಸ್‌ರೇ ತೆಗೆದು, ಕಫ ನೋಡಿ, ಯಾರಿಗೆಲ್ಲ ಟಿಬಿ ಇದೆ ಅಂತ ಪತ್ತೆ ಮಾಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅದೂ ಒಂದು ಸಮೀಕ್ಷೆ ಆಗಿ ಕಪಾಟು ಸೇರ್ತಿತ್ತು. ಆದರೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನೋ ಇಬ್ಬರು ಸಂಶೋಧಕರು, ಆ ರೋಗಿಗಳಿಗೆ ಏನೇನು ತೊಂದರೆ ಆಗ್ತಿತ್ತು, ಅದಕ್ಕೆ ಅವರು ಏನು ಮಾಡಿದರು ಅಂತ ವಿಚಾರಿಸೋ ಅಧ್ಯಯನ ಮಾಡಿದರು. 1963ರಲ್ಲಿ ಅದು ಪ್ರಕಟವಾಯ್ತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅನ್ನೋದು ಗೊತ್ತಿತ್ತು. ಅರ್ಧದಷ್ಟು ಜನ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟ್ಲಿ.

ಜನ ಬಂದಿದ್ದರು. ಆಸ್ಪತ್ರೆ ಅವರನ್ನು ವಾಪಸ್ ಕಳಿಸಿತ್ತು.

ಅಚ್ಚಾಗಿದ್ದು 1963ರಲ್ಲಾದರೂ, ಆ ಕಾಲದ ಈ ಸಂಶೋಧನೆಗಳ ಬಲದಿಂದಲೇ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿದ್ದು. ಬರೀ ಎಕ್ಸ್‌ರೇ ವ್ಯಾನ್ ನೆಚ್ಚಿಕೊಳ್ಳೋದು ಬೇಡ, ಕೆಮ್ಮಿಕೊಂಡು ತಾವಾಗೇ ಬರೋರ ಕಫವನ್ನ ಮಾಮೂಲಿ ಆಸ್ಪತ್ರೆಯಲ್ಲೇ ನೋಡಿ ಅನ್ನೋದು ಅದರ ತಿರುಳು. ಬಡವನಿಗೆ ನ್ಯಾಯ ಸಿಗಬೇಕಾದ್ದು ಓಪಿಡಿ (ಹೊರರೋಗಿ ವಿಭಾಗ) ಕಿಟಕಿಯಲ್ಲಿ ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಜಿಲ್ಲೆ. ಕಲ್ಪತರು ನಾಡು ಅಂತ ಬೋರ್ಡ್ ಹಾಕ್ಕೋತೀವಿ, ಇದನ್ನ ಮಾತ್ರ ಯಾರೂ ಹೇಳಲ್ಲ.

ಈಗ ಎಲ್ಲ ಬದಲಾಗಿದೆಯಾ? ನಮ್ಮ ಬೀದಿಯಲ್ಲಿ ಹಮಾಲಿ ಕೆಲಸ ಮಾಡೋ ಅಣ್ಣ ಒಬ್ಬರಿದ್ದಾರೆ. ಕೆಮ್ಮು ಬಿಡಲಿಲ್ಲ ಅಂತ ಒಂದು ಆಸ್ಪತ್ರೆಗೆ ಹೋದರು, ಜೊತೆಗೆ ನಾನೂ ಇದ್ದೆ. ಚೀಟಿ ಮಾಡಿಸಿ, ಸಾಲಲ್ಲಿ ನಿಂತು, ಒಳಗೆ ಹೋಗಿ 'ಕೆಮ್ಮು ಸಾರ್' ಅನ್ನೋದರೊಳಗೆ ಪೆನ್ನು ಓಡ್ತಾ ಇತ್ತು. ಎಷ್ಟು ದಿನದಿಂದ ಅಂತ ಕೇಳಲಿಲ್ಲ, ತಲೆ ಎತ್ತಲೂ ಇಲ್ಲ. ಸಿರಪ್ಪು, ಮೂರು ದಿನದ ಮಾತ್ರೆ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಆಗಲೇಬೇಕು ಅನ್ನೋ ಪೋಸ್ಟರ್ ಅದೇ ಗೋಡೆ ಮೇಲಿತ್ತು. ಕೊನೆಗೆ ಕಫದ ಡಬ್ಬಿ ತಂದುಕೊಟ್ಟಿದ್ದು ನಮ್ಮ ಆಶಾ ಕಾರ್ಯಕರ್ತೆ ಅಕ್ಕ. ಟಿಬಿ ಅಂತ ಗೊತ್ತಾಗಿದ್ದು ಆಮೇಲೆ. ಮಾತ್ರೆ ಪುಕ್ಕಟೆ, ಊಟಕ್ಕೆ ಅಂತ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ, ಎಲ್ಲ ಇದೆ. ಆದರೆ ಅದೆಲ್ಲ ಶುರುವಾಗೋದು ಯಾರಾದರೂ ಕಫ ನೋಡಿದ ಮೇಲೆ ತಾನೇ? ಅಷ್ಟರಲ್ಲಿ ಕಳೆದುಹೋದ ಕೂಲಿ ಯಾವ ಯೋಜನೆಯಲ್ಲೂ ಬರಲ್ಲ.

ಡಾಕ್ಟರನ್ನ ಬೈಯೋಕೆ ಇದನ್ನ ಬರೀತಿಲ್ಲ. ಒಬ್ಬರೇ ಇರ್ತಾರೆ, ಹೊರಗೆ ಸಾಲು ಬಾಗಿಲು ದಾಟಿರುತ್ತೆ, ಮಧ್ಯಾಹ್ನ ತಾಲ್ಲೂಕು ಮೀಟಿಂಗು, ರಾತ್ರಿ ಪೋರ್ಟಲ್ ಎಂಟ್ರಿ. ತಲೆ ಎತ್ತಿ ನೋಡೋಕೆ ಅವರಿಗೆ ಬಿಡುವು ಎಲ್ಲಿದೆ ಅನ್ನೋದೂ ಸಂಶೋಧನೆಯ ಪ್ರಶ್ನೆ ಆಗಬೇಕು. ಆಗ್ತಾ ಇಲ್ಲ.

ಆಗ್ತಿರೋದು ಏನು ಅಂದ್ರೆ, ಸಮೀಕ್ಷೆಯವರು ಟ್ಯಾಬ್ ಹಿಡ್ಕೊಂಡು ಬರ್ತಾರೆ. ಪಾವಗಡದ ಹಳ್ಳಿಯಲ್ಲಿ, ಮನೆಯಲ್ಲಿ ತೆಲುಗು ಮಾತಾಡೋ ಅಜ್ಜಿಗೆ ಪುಸ್ತಕದ ಕನ್ನಡದಲ್ಲಿ ಪುಟಗಟ್ಟಲೆ ಪ್ರಶ್ನೆ ಓದ್ತಾರೆ, ಕೊನೆಗೆ ಹೆಬ್ಬೆಟ್ಟು ಒತ್ತಿಸ್ಕೋತಾರೆ. ಅದೇ ಪಾವಗಡದಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟು ಹಳೇ ಕಥೆ! ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ನೀರಿನ ಸ್ಯಾಂಪಲ್ ಬಾಟ್ಲಿ ಊರು ಬಿಟ್ಟು ಹೋಗುತ್ತೆ, ರಿಪೋರ್ಟ್ ಮಾತ್ರ ಊರಿಗೆ ಬರಲ್ಲ. ಫ್ಲೋರೈಡಿನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳ ತಾಯಂದಿರಿಗೆ ಅವರ ಬೋರಿನ ಲೆಕ್ಕ ಎಷ್ಟು ಅಂತ ಹೇಳೋರಿಲ್ಲ. ಯಾವ ಬೋರಿನ ನೀರು ಕುಡಿಯೋಕೆ ಸಪ್ಪೆ, ಯಾವುದರಲ್ಲಿ ಬೇಳೆ ಬೇಯಲ್ಲ ಅನ್ನೋದು ಆ ಹೆಂಗಸರಿಗೆ ಬಾಯಿಪಾಠ. ಸ್ಯಾಂಪಲ್ ಎಲ್ಲಿ ತೆಗೀಬೇಕು ಅಂತ ಅವರನ್ನೇ ಕೇಳಿ, ಫಲಿತಾಂಶವನ್ನ ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಅದನ್ನ ಸಂಶೋಧನೆಯಲ್ಲಿ ಜನರ ಸಹಭಾಗಿತ್ವ ಅಂತ ಒಪ್ಪಬಹುದು. ಚಾಪೆ ಹಾಕಿ ಟೀ ಕೊಟ್ಟಿದ್ದಕ್ಕೆ ವರದಿಯಲ್ಲಿ 'ಸಮುದಾಯದ ಸಹಕಾರ' ಅಂತ ಒಂದು ಸಾಲು ಬರೆದರೆ ಒಪ್ಪೋಕಾಗಲ್ಲ.

ಇದಕ್ಕೆ ಹೊಸ ಕಮಿಟಿ ಬೇಕಿಲ್ಲ. ಹಳ್ಳಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಆರೋಗ್ಯ ರಕ್ಷಾ ಸಮಿತಿ ಇದೆ. ಎಷ್ಟೋ ಕಡೆ ಅವು ಸಹಿ ಹಾಕೋಕೆ ಮಾತ್ರ ಸೇರ್ತವೆ, ಅದು ಬೇರೆ ಮಾತು.

ನಮ್ಮ ಪಿಎಚ್‌ಸಿಯ ಮುಂದಿನ ರಕ್ಷಾ ಸಮಿತಿ ಸಭೆಯಲ್ಲಿ ಎರಡೇ ರಿಜಿಸ್ಟರ್ ಪಕ್ಕಪಕ್ಕ ಇಡಿ ಅಂತ ಅರ್ಜಿ ಕೊಡ್ತಿದ್ದೀನಿ: ಕೆಮ್ಮು ಅಂತ ಬಂದವರ ಓಪಿಡಿ ರಿಜಿಸ್ಟರು, ಕಫ ಕಳಿಸಿದ ಲ್ಯಾಬ್ ರಿಜಿಸ್ಟರು. ಯಾರ ಹೆಸರೂ ಬೇಡ, ಎರಡು ಸಂಖ್ಯೆ ಓದಿ ಹೇಳಿದರೆ ಸಾಕು. ಮಧುಗಿರಿ, ಶಿರಾ, ಕೊರಟಗೆರೆ ಕಡೆಯವರು ನಿಮ್ಮಲ್ಲೂ ಕೇಳಿ ನೋಡಿ. ಅರ್ಜಿಯ ನಮೂನೆ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.