ತಿಪ್ಪೆಯಿಲ್ಲದ ಊರುಗಳು

ಕ್ಯಾಲಿಫೋರ್ನಿಯಾದ ಮೊಹಾವಿ ಮರಳುಗಾಡಿಗೆ ಹೋಗಿ ಬಂದವರನ್ನು ಅಲ್ಲೇನು ನೋಡಿದಿರಿ ಎಂದು ಕೇಳಿದರೆ ಆಕಾಶ, ನಕ್ಷತ್ರ, ಮೌನ ಎನ್ನುತ್ತಾರೆ. ಅವೆಲ್ಲವನ್ನೂ ನಾನೂ ನೋಡಿದೆ. ಆದರೆ ಬಾರ್‌ಸ್ಟೋದಿಂದ ನೀಡಲ್ಸ್‌ವರೆಗೆ ಹೊಸ ಹೆದ್ದಾರಿಯನ್ನು ಬಿಟ್ಟು, ಸಾಧ್ಯವಾದಷ್ಟೂ ಹಳೆಯ ರೂಟ್ 66ರ ಮೇಲೆಯೇ ನಿಧಾನವಾಗಿ ಸಾಗಿದ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಕಸ. ಹೀಗೆಂದ ಕೂಡಲೇ ಆ ಊರುಗಳು ಕೊಳಕು ಎಂದು ಯಾರೂ ತಿಳಿಯಬಾರದು. ಬೇರೆ ಊರುಗಳಲ್ಲಿ ಇರುವಷ್ಟೇ ಕಸ ಅಲ್ಲಿಯೂ ಇದ್ದೀತು, ಬಹುಶಃ ಕಡಿಮೆಯೇ ಇದ್ದೀತು. ಅದನ್ನು ಮರೆಮಾಡಲು ಮರವಿಲ್ಲ, ಹುಲ್ಲಿಲ್ಲ, ಹಳ್ಳವಿಲ್ಲ, ಅಷ್ಟೆ. ಮೈಲಿಗಟ್ಟಲೆ ಬಯಲಿನಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಚೀಲ ಕ್ರಿಯೋಸೋಟ್ ಪೊದೆಗೆ ಸಿಕ್ಕಿಕೊಂಡು ಪಟಪಟನೆ ಬಡಿದುಕೊಳ್ಳುತ್ತಿದ್ದರೆ ಕಣ್ಣು ಹಿಂದಿನ ಬೆಟ್ಟವನ್ನು ಬಿಟ್ಟು ಅದರ ಮೇಲೆಯೇ ನಿಲ್ಲುತ್ತದೆ.

ಮಳೆ ಬೀಳುವ ನಾಡಿನಲ್ಲಿ ಬೆಳೆದವರಿಗೆ ಮಣ್ಣಿನ ಉಪಕಾರ ಎಷ್ಟು ದೊಡ್ಡದೆಂಬುದು ಇಂಥ ಕಡೆ ಹೋದಾಗಲೇ ತಿಳಿಯುವುದು. ಎಸೆದದ್ದರಲ್ಲಿ ಅರ್ಧವನ್ನು ನೆಲವೇ ನುಂಗಿಕೊಳ್ಳುತ್ತದೆ, ಉಳಿದರ್ಧದ ಮೇಲೆ ಬಳ್ಳಿ ಹಬ್ಬುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತಪ್ಪು ಮಾಡಿದವನಿಗೂ ತಪ್ಪು ಮರೆತಿರುತ್ತದೆ. ಮೊಹಾವಿಯ ತಗ್ಗು ಪ್ರದೇಶಗಳಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರಿನ ಆಸುಪಾಸು. ಆ ಒಣ ಹವೆಯಲ್ಲಿ ಕಸವನ್ನು ಕೊಳೆಸಬೇಕಾದ ಸೂಕ್ಷ್ಮಜೀವಿಗಳಿಗೆ ಬದುಕಲು ಬೇಕಾದ ತೇವವೇ ಇರುವುದಿಲ್ಲ. ಪ್ಲಾಸ್ಟಿಕ್ ಬಿಸಿಲಿಗೆ ಪುಡಿಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ತಗಡು ಕೆಂಪಗೆ ತುಕ್ಕು ಹಿಡಿದರೂ ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ಮರದ ಹಲಗೆ ಬೂದುಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯುತ್ತದೆ. ಕಸ ಕೊಳೆತರೆ ತಾನೆ ತಿಪ್ಪೆ? ತಿಪ್ಪೆಯೇ ಆಗದ ಮೇಲೆ ಅದನ್ನು ಸಾರಿಸುವ ಪ್ರಶ್ನೆಯಾದರೂ ಎಲ್ಲಿಂದ ಬರಬೇಕು!

ಆ ನೆಲದ ನೆನಪಿನ ಶಕ್ತಿ ಎಂಥದೆಂದರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಅಮೆರಿಕದ ಸೇನೆಯ ಜನರಲ್ ಪ್ಯಾಟನ್ ಆರಂಭಿಸಿದ ಮರುಭೂಮಿ ತರಬೇತಿ ಶಿಬಿರಗಳ ಟ್ಯಾಂಕುಗಳು ಕೊರೆದ ಜಾಡುಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ. ಟ್ಯಾಂಕಿನ ಜಾಡೇ ಅಳಿಯದಿದ್ದಾಗ ಸಿಪಾಯಿ ಉಂಡು ಬಿಸುಟ ಡಬ್ಬಿಯ ಮಾತೇನು? ಹಳೆಯ ಗಣಿಗಳ ಸುತ್ತ, ಪಾಳುಬಿದ್ದ ರೈಲು ನಿಲ್ದಾಣಗಳ ಹಿಂದೆ ಇಂಥ ಡಬ್ಬಿಗಳ ರಾಶಿಗಳೇ ಇವೆ. ಪುರಾತತ್ತ್ವ ಬಲ್ಲವರು ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮುಚ್ಚಳವನ್ನು ಬೆಸುಗೆ ಹಾಕಿದ್ದಾರೆಯೇ ಮಡಿಸಿ ಒತ್ತಿದ್ದಾರೆಯೇ ಎಂದು ನೋಡಿ, ಅಲ್ಲಿ ಜನ ಯಾವ ಕಾಲದಲ್ಲಿ ಬೀಡುಬಿಟ್ಟಿದ್ದರು ಎಂದು ಹೇಳಬಲ್ಲರು. ಬಿಯರ್ ಡಬ್ಬಿಯ ಮೇಲಿನ ಉಂಗುರವನ್ನು ಬೆರಳಿನಿಂದ ಎಳೆದು, ನಾಲಿಗೆಯಂಥ ತಗಡಿನ ಪಟ್ಟಿಯ ಸಮೇತ ಕಿತ್ತೆಸೆಯುವ ಪದ್ಧತಿ 1960ರ ದಶಕದ ಆರಂಭದಲ್ಲಿ ಬಂದದ್ದು. ಡಬ್ಬಿಗೇ ಅಂಟಿಕೊಂಡು ಉಳಿಯುವ ಈಗಿನ ಬಗೆಯದು 1975ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ಹಳೆಯದನ್ನು ಮೂಲೆಗೆ ಸೇರಿಸಿತು. ರಾಜರಿಗೆ ಶಾಸನಗಳಿದ್ದಂತೆ ಬಾಯಾರಿದವರಿಗೆ ಈ ಉಂಗುರಗಳು.

ಗಾಜಿನ ಕಥೆ ಇನ್ನೂ ಸೊಗಸು. ಲಡ್ಲೋ ದಾಟಿದ ಮೇಲೆ ಒಂದು ಕಡೆ ಕಾರು ನಿಲ್ಲಿಸಿ ಕಾಲಾಡಿಸುತ್ತಿದ್ದಾಗ ಕಲ್ಲುಗಳ ನಡುವೆ ನೇರಳೆ ಬಣ್ಣದ್ದೇನೋ ಮಿನುಗಿತು. ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಬಾಟಲಿಯ ಚೂರು. ಅಂಚೆಲ್ಲ ಮರಳಿಗೆ ಉಜ್ಜಿ ಉಜ್ಜಿ ಮೊಂಡಾಗಿತ್ತು; ಬಿಸಿಲಿಗೆ ಹಿಡಿದರೆ ಅಂಗೈಯ ಮೇಲೆ ತೆಳು ನೇರಳೆಯ ನೆರಳು ಬಿತ್ತು. ಅದು ಹುಟ್ಟಿದ್ದು ನೇರಳೆಯಾಗಿ ಅಲ್ಲ. ಮೊದಲ ಮಹಾಯುದ್ಧದ ಕಾಲದವರೆಗೂ ಗಾಜಿನ ಹಸಿರು ಛಾಯೆಯನ್ನು ತೆಗೆಯಲು ಮ್ಯಾಂಗನೀಸ್ ಬೆರೆಸುವ ವಾಡಿಕೆಯಿತ್ತು, ಆ ಮ್ಯಾಂಗನೀಸ್ ವರ್ಷಾನುಗಟ್ಟಲೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಒಡ್ಡಿಕೊಂಡು ಬಣ್ಣ ತಳೆಯುತ್ತದೆ. ಯಾರೋ ನೂರು ವರ್ಷಗಳ ಹಿಂದೆ ಕುಡಿದು ಬಿಸಾಡಿದ ಬಾಟಲಿಯನ್ನು ಸೂರ್ಯ ಅಷ್ಟು ಕಾಲ ಕುಳಿತು ರತ್ನ ಮಾಡಿದ್ದ. ಜೇಬಿಗಿಳಿಸುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು.

ಇಳಿಸದೆ ಇದ್ದುದಕ್ಕೆ ಸಜ್ಜನಿಕೆಗಿಂತ ಅಳುಕೇ ಕಾರಣ. ಅಮೆರಿಕದಲ್ಲಿ ಸಾಮಾನ್ಯವಾಗಿ 50 ವರ್ಷ ದಾಟಿದ ವಸ್ತು ಐತಿಹಾಸಿಕ ಎನಿಸಿಕೊಳ್ಳಲು ಅರ್ಹ. ಹೀಗಾಗಿ ಸರ್ಕಾರಿ ನೆಲದಲ್ಲಿರುವ ಹಳೆಯ ಡಬ್ಬಿಯ ರಾಶಿಯನ್ನು ಸ್ವಚ್ಛತೆಯ ಉತ್ಸಾಹದಲ್ಲಿ ಬಾಚಿ ತುಂಬಿಕೊಂಡು ಹೋದರೆ ಅದು ಅಪರಾಧವಾಗಲೂಬಹುದು. ಅದರ ಪಕ್ಕದಲ್ಲೇ ಇಂದು ಒಂದು ಡಬ್ಬಿಯನ್ನು ಎಸೆದು ಹೋದರೆ, ರಸ್ತೆ ಬದಿಯ ಫಲಕಗಳು ಎಚ್ಚರಿಸುವಂತೆ, 1,000 ಡಾಲರ್ ದಂಡ. ಎಸೆದವನು ಕೇಡಿಗ, ಎತ್ತಿದವನೂ ಕೇಡಿಗ. ನಡುವೆ ಇರುವುದು ಕ್ಯಾಲೆಂಡರ್ ಒಂದೇ. ಕಾನೂನು ಮಾಡಿದವರನ್ನು ನಗುವುದು ಸುಲಭ, ಆದರೆ ಕಸಕ್ಕೂ ಚರಿತ್ರೆಗೂ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನನ್ನನ್ನು ಕೇಳಿದ್ದರೆ ನನಗೂ ಇದಕ್ಕಿಂತ ಒಳ್ಳೆಯ ಉತ್ತರ ಹೊಳೆಯುತ್ತಿರಲಿಲ್ಲ.

ಊರುಗಳ ಪಾಡೂ ಡಬ್ಬಿಗಳ ಪಾಡಿನಿಂದ ಬಹಳ ದೂರವಿಲ್ಲ. ಆಂಬಾಯ್ ಎಂಬ ಊರು ರೂಟ್ 66ರ ವಾಹನಗಳಿಗೆ ಪೆಟ್ರೋಲು, ಊಟ, ಹಾಸಿಗೆ ಒದಗಿಸಿ ಬದುಕಿತ್ತು. 1973ರಲ್ಲಿ ಅದನ್ನು ಹೊರಗಿಟ್ಟು ದೂರದಿಂದಲೇ ಹೋಗುವ ಹೊಸ ಹೆದ್ದಾರಿ ತೆರೆದ ಮೇಲೆ ವಾಹನಗಳು ಅತ್ತ ತಿರುಗಿದವು, ಊರು ಬಿಸುಟ ಸಾಮಾನಿನಂತೆ ಬಿಸಿಲಿನಲ್ಲಿ ಉಳಿಯಿತು. 2005ರಲ್ಲಿ ಕೋಳಿ ಊಟದ ಹೋಟೆಲುಗಳ ಮಾಲೀಕರೊಬ್ಬರು ಇಡೀ ಊರನ್ನು 4,25,000 ಡಾಲರಿಗೆ ಕೊಂಡರು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಕೇಳಿದ್ದೆ. ಗೌಡಿಕೆಯನ್ನು ಹಣ ಕೊಟ್ಟು ಕೊಂಡದ್ದನ್ನು ನೋಡಿದ್ದು ಇಲ್ಲೇ. 1959ರಲ್ಲಿ ರಾಯ್ಸ್ ಎಂಬ ಮೋಟೆಲಿನ ಮುಂದೆ ನಿಲ್ಲಿಸಿದ, ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಫಲಕ ಈಗಲೂ ಅಲ್ಲಿದೆ, ಅದರ ಕೆಳಗೆ ಫೋಟೋ ತೆಗೆಸಿಕೊಳ್ಳಲು ಬರುವವರ ಕೈಯಲ್ಲಿರುವ ನೀರಿನ ಬಾಟಲಿಗಳೂ ಇವೆ.

ಇಂಥ ಊರುಗಳಲ್ಲಿ ಕೆಲವರು ಕಸದೊಂದಿಗೆ ಬೇರೆಯೇ ಒಪ್ಪಂದ ಮಾಡಿಕೊಂಡರು. ಓರೋ ಗ್ರಾಂಡೆಯ ಬಳಿ ಎಲ್ಮರ್ ಲಾಂಗ್ ಎಂಬವರು, ತಂದೆ ಮರುಭೂಮಿಯಲ್ಲಿ ಆಯ್ದು ತಂದಿದ್ದ ಬಾಟಲಿಗಳನ್ನು ಏನು ಮಾಡುವುದೆಂದು ಯೋಚಿಸಿ, 2000ದಲ್ಲಿ ಕಬ್ಬಿಣದ ಕಂಬಕ್ಕೆ ಕೊಂಬೆಗಳನ್ನು ಬೆಸೆದು ಅದರ ತುಂಬ ಬಾಟಲಿಗಳನ್ನು ತೊಡಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅಂಥ ಮರಗಳು ಇನ್ನೂರನ್ನು ದಾಟಿ ತೋಪೇ ಆಗಿತ್ತು. ನಿಜವಾದ ಮರ ಬೇರುಬಿಡಲು ಒಪ್ಪದ ಆ ನೆಲದಲ್ಲಿ ಬೆಳಗಿನ ಬಿಸಿಲು ಹಸಿರು, ಕಂದು, ನೀಲಿ ಗಾಜುಗಳ ಮೂಲಕ ಇಳಿಯುತ್ತದೆ. ಗಾಳಿ ಬಾಟಲಿಯ ಬಾಯಲ್ಲಿ ಹೊಕ್ಕು ಊಳಿಡುತ್ತದೆ. ಜೋಶುವಾ ಟ್ರೀ ಎಂಬ ಊರಿನಲ್ಲಿ ನೋವಾ ಪ್ಯೂರಿಫಾಯ್ ಅವರ ಬಯಲು ಕಲಾ ಸಂಗ್ರಹಾಲಯದ್ದು ಇಷ್ಟು ಹಗುರವಾದ ಮನಸ್ಸಲ್ಲ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ ದಂಗೆಯಲ್ಲಿ ಉರಿದಾಗ ಅದರ ಅವಶೇಷಗಳಿಂದಲೇ ಶಿಲ್ಪ ಮಾಡಿದ ಈ ಕಲಾವಿದರು 1989ರಲ್ಲಿ ಮರುಭೂಮಿಗೆ ಬಂದು, 2004ರಲ್ಲಿ ಸಾಯುವವರೆಗೂ ಹಳೆಯ ಟೈರು, ಟಿವಿ ಪೆಟ್ಟಿಗೆ, ಶೌಚದ ಬೇಸಿನ್ನುಗಳನ್ನು ಕಟ್ಟಿ ನಿಲ್ಲಿಸುತ್ತಲೇ ಇದ್ದರು. ಬಣ್ಣ ಹಾರಿ, ಪ್ಲೈವುಡ್ ಸಿಬಿರುಗಟ್ಟಿ ನಿಂತ ಆ ಕೃತಿಗಳ ನಡುವೆ ಅಡ್ಡಾಡುವಾಗ ಬೇಲಿಯಾಚೆ ಬಿದ್ದಿದ್ದ ಟೈರನ್ನೂ ನಾನು ಒಂದು ನಿಮಿಷ ಗೌರವದಿಂದ ನೋಡಿದ್ದುಂಟು.

ಕಸದಿಂದ ಮನುಷ್ಯರಿಗಿಂತ ಹೆಚ್ಚು ಲಾಭ ಪಡೆದದ್ದು ರೇವನ್ ಎಂಬ ದೊಡ್ಡ ಕಾಗೆ. ಮುಚ್ಚದ ತೊಟ್ಟಿ ಅದಕ್ಕೆ ಊಟದ ಮನೆ, ವಿದ್ಯುತ್ ಕಂಬ ಗೂಡು, ಸೋರುವ ನಲ್ಲಿ ಕೆರೆ. ಹೀಗೆ ಬೆಳೆದ ಕಾಗೆಯ ಸಂಸಾರ ಬಿಡುವಿನಲ್ಲಿ ಮರುಭೂಮಿಯ ಆಮೆಮರಿಗಳನ್ನು ಹುಡುಕುತ್ತದೆ. ಮೊದಲ ಕೆಲವು ವರ್ಷ ಅವುಗಳ ಚಿಪ್ಪು ಮೆತ್ತಗಿರುವುದರಿಂದ ಕೊಕ್ಕಿಗೆ ಕಷ್ಟವಿಲ್ಲ. ಈ ಆಮೆ 1990ರಿಂದ ಅಪಾಯದ ಪಟ್ಟಿಯಲ್ಲಿದೆ. ಯಾರೋ ಪ್ರವಾಸಿ ಬಿಟ್ಟುಹೋದ ಅರ್ಧ ಬರ್ಗರಿಗೂ ಆಮೆಮರಿಯ ಸಾವಿಗೂ ಇರುವ ನಂಟನ್ನು ಆ ಪ್ರವಾಸಿಗೆ ಯಾರು ತಿಳಿಸಬೇಕು?

ಊರಿನವರಿಗೆ ಅದು ತಿಳಿದಿದೆ. 2018ರ ಡಿಸೆಂಬರಿನಿಂದ ಬಜೆಟ್ಟಿನ ಜಗಳದಿಂದಾಗಿ ಅಮೆರಿಕದ ಕೇಂದ್ರ ಸರ್ಕಾರದ ಕೆಲಸಗಳು 35 ದಿನ ನಿಂತುಹೋದಾಗ, ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಜನ ಬರುವುದು ನಿಲ್ಲಲಿಲ್ಲ, ಕಸ ಎತ್ತುವುದು ನಿಂತಿತು. ಆಗ ಸುತ್ತಲಿನ ಊರುಗಳ ಅಂಗಡಿಯವರು, ಬಂಡೆ ಹತ್ತುವ ಹುಡುಗರು ತಾವೇ ಚೀಲ ಹಿಡಿದು ತೊಟ್ಟಿಗಳನ್ನು ಖಾಲಿ ಮಾಡಿದರು, ಶೌಚಾಲಯ ತೊಳೆದರು.

ಇನ್ನು ಮರುಬಳಕೆಯ ವಿಚಾರ. ಕ್ಯಾಲಿಫೋರ್ನಿಯಾದಲ್ಲಿ 1986ರ ಕಾಯಿದೆಯ ಪ್ರಕಾರ ಪಾನೀಯ ಕೊಳ್ಳುವಾಗಲೇ ಡಬ್ಬಿಗೆ ಠೇವಣಿ ಕಟ್ಟಬೇಕು. 24 ಔನ್ಸಿಗಿಂತ ಚಿಕ್ಕದಕ್ಕೆ 5 ಸೆಂಟ್, ಮೇಲಿನದಕ್ಕೆ 10. ಖಾಲಿ ಡಬ್ಬಿ ಹಿಂದಿರುಗಿಸಿದರೆ ದುಡ್ಡು ವಾಪಸು. ಹಿಂದಿರುಗಿಸುವುದು ಎಲ್ಲಿ ಎಂಬುದೇ ಕಷ್ಟ. ಗುಜರಿಯ ಬೆಲೆ ಬಿದ್ದಾಗ ಸಂಗ್ರಹ ಕೇಂದ್ರಗಳಿಗೆ ಗಿಟ್ಟುವುದಿಲ್ಲ. 2019ರಲ್ಲಿ ರಾಜ್ಯದ ಅತಿ ದೊಡ್ಡ ಜಾಲವೊಂದು ತನ್ನ 284 ಕೇಂದ್ರಗಳಿಗೆ ಒಟ್ಟಿಗೇ ಬಾಗಿಲು ಹಾಕಿತು. ನಗರದಲ್ಲಾದರೆ ಮುಂದಿನ ಬೀದಿಗೆ ಹೋಗಬಹುದು, ಇಲ್ಲಿ ಮುಂದಿನ ಬೀದಿಯೆಂದರೆ ಮುಂದಿನ ಊರು. ನಾನು ಮೂರು ದಿನಗಳ ಬಾಟಲಿಗಳನ್ನು ಕಾರಿನ ಹಿಂದೆ ಗಲಗಲ ಎನಿಸುತ್ತ ಹೊತ್ತು ತಿರುಗಿದೆ. ಮೊದಲ ಕೇಂದ್ರದ ಗೇಟಿಗೆ ಬೀಗ, ಎರಡನೆಯದರ ಫಲಕ ಮಾತ್ರ ಉಳಿದಿತ್ತು. ಮೂರನೆಯದರಲ್ಲಿ ಒಬ್ಬಾತ ತಕ್ಕಡಿಯ ಪಕ್ಕ ಕುಳಿತಿದ್ದ. ಒಂದೊಂದು ಬಗೆಯಲ್ಲಿ 50ರವರೆಗೆ ತೂಕದ ಬದಲು ಎಣಿಸಿಯೇ ಕೊಡಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಕೇಳಿದೆ. ಆತ ಬೇಸರಿಸದೆ 23 ಎಂದು ಎಣಿಸಿ, 1 ಡಾಲರ್ 15 ಸೆಂಟ್ ಮತ್ತು ಒಂದು ರಸೀದಿ ಕೊಟ್ಟ. ಅದಕ್ಕಾಗಿ ಸುಟ್ಟ ಪೆಟ್ರೋಲಿನ ಲೆಕ್ಕವನ್ನು ನಾನು ಹಾಕಲು ಹೋಗಲಿಲ್ಲ.

ಕಾರಿನ ಬಾಗಿಲು ತೆರೆದದ್ದೇ ತಡ, ಗಾಳಿ ಆ ರಸೀದಿಯನ್ನು ಕಿತ್ತುಕೊಂಡು ಹೊರಟಿತು. ಕಸ ಹಿಂದಿರುಗಿಸಿದ ಪುರಾವೆಯೇ ಕಸವಾಗುವುದನ್ನು ನೋಡುತ್ತ ನಿಲ್ಲಲಾರದೆ ಹಿಂದೆ ಓಡಿದೆ. ಅದು ಒಂದು ಪೊದೆಯಲ್ಲಿ ತಂಗಿ, ನಾನು ಬಗ್ಗುವಷ್ಟರಲ್ಲಿ ಎದ್ದು, ಮೂರನೆಯ ಪೊದೆಯ ಬುಡದಲ್ಲಿ ಸಿಕ್ಕಿಬಿತ್ತು. ಅಲ್ಲಿ ಕೈಯಿಟ್ಟಾಗ ಬೆರಳಿಗೆ ತಣ್ಣನೆಯದೊಂದು ತಗುಲಿತು: ಕಿತ್ತೆಸೆಯುವ ಕಾಲದ ಉಂಗುರ, ನಾಲಿಗೆ ಸುರುಳಿ ಸುತ್ತಿಕೊಂಡದ್ದು. ಅದರ ವಯಸ್ಸು ನಲವತ್ತೊಂಬತ್ತೋ ಐವತ್ತೊಂದೋ ತಿಳಿಯುವ ಬಗೆ ನನಗೆ ಗೊತ್ತಿರಲಿಲ್ಲ. ಇದ್ದ ಜಾಗದಲ್ಲೇ ಇಟ್ಟು, ರಸೀದಿಯನ್ನು ಮಾತ್ರ ಜೇಬಿಗೆ ಸೇರಿಸಿಕೊಂಡು ಕಾರಿಗೆ ಮರಳಿದೆ.