ಸಿಸ್ಟರ್, ಸ್ವಲ್ಪ ಉಸಿರು ಎಳ್ಕೊಳ್ಳಿ!

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ ಮಾಡಿ, ಹ್ಯಾಂಡೋವರ್ ಕೊಟ್ಟು, ಇನ್ನೇನು ಬಟ್ಟೆ ಬದಲಿಸಿ ಹೊರಡಬೇಕು ಅನ್ನುವಷ್ಟರಲ್ಲಿ ಸಿಸ್ಟರ್‌ಗೆ ಸುದ್ದಿ ಬರುತ್ತದೆ: ಹತ್ತು ಗಂಟೆಗೆ ಒತ್ತಡ ನಿರ್ವಹಣಾ ತರಬೇತಿ, ಹಾಜರಾತಿ ಕಡ್ಡಾಯ. ಒತ್ತಡ ಇಳಿಸಿಕೊಳ್ಳಲು ಬರದಿದ್ದರೆ ಮೆಮೊ.

ಇಂಥದ್ದೊಂದು ತರಬೇತಿಯ ಕೊನೇ ಸಾಲಿನಲ್ಲಿ ನಾನೂ ಕೂತಿದ್ದೆ. ರಾತ್ರಿಯಿಡೀ ಚೆನ್ನಾಗಿ ನಿದ್ದೆ ಮಾಡಿ ಬಂದಂತಿದ್ದ ತರಬೇತುದಾರರು, "ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಎಳ್ಕೊಳ್ಳಿ" ಅಂದರು. ಮುಚ್ಚಿದ ಕಣ್ಣುಗಳು ಮತ್ತೆ ತೆರೆಯಲೇ ಇಲ್ಲ. ಐದು ನಿಮಿಷದಲ್ಲಿ ಅರ್ಧ ಹಾಲ್ ಗೊರಕೆ. ಅದನ್ನೇ ಗಾಢ ಧ್ಯಾನ ಅಂದುಕೊಂಡು ಅವರು ಫೋಟೊ ತೆಗೆಸಿಕೊಂಡರು. ನನ್ನ ಪಕ್ಕದ ಸಿಸ್ಟರ್ ಮುಂಗೈ ತುಂಬಾ ಪೆನ್ನಿನಲ್ಲಿ ಬರೆದ ಬೆಡ್ ನಂಬರ್, ಬಿಪಿ ರೀಡಿಂಗ್. ಕಾಗದ ಹುಡುಕೋಕೂ ಪುರುಸೊತ್ತಿರಲಿಲ್ಲ, ಪಾಪ. ಬೆಡ್ 14ರ ಮುಂದೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ. ನಿದ್ದೆಯಲ್ಲೂ ಅವರ ಬೆರಳು ಅದರ ಮೇಲೇ ಇತ್ತು.

ಎಚ್ಚರ ಇದ್ದ ನಮಗೆ ಸಿಕ್ಕ ಉಪದೇಶ ಇಷ್ಟು: ಒತ್ತಡ ಕೆಲಸದಲ್ಲಿಲ್ಲ, ನೀವು ನೋಡುವ ದೃಷ್ಟಿಯಲ್ಲಿದೆ!

ಇದು ಪೂರ್ತಿ ಸುಳ್ಳೂ ಅಲ್ಲ. ಒತ್ತಡವನ್ನು ಬರೀ ಕೆಡುಕು ಅಂತ ನೋಡುವವರಿಗೂ ಅದರಿಂದ ಒಳ್ಳೆಯದೂ ಆಗಬಹುದು ಅಂತ ನೋಡುವವರಿಗೂ ವ್ಯತ್ಯಾಸ ಇದೆ ಅಂತ ಮನಃಶಾಸ್ತ್ರಜ್ಞೆ ಆಲಿಯಾ ಕ್ರಮ್ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದರು. ಅವರ ಅಧ್ಯಯನಕ್ಕೆ ಸಿಕ್ಕವರಲ್ಲಿ ದೊಡ್ಡ ಹಣಕಾಸು ಸಂಸ್ಥೆಯೊಂದರ ನೌಕರರಿದ್ದರು. ಅವರ ಟೇಬಲ್ ಮೇಲೆ ಯಾರೂ ವಾಂತಿ ಮಾಡಿಕೊಳ್ಳುತ್ತಿರಲಿಲ್ಲ, ಇರಲಿ ಬಿಡಿ. ಆಡಳಿತಕ್ಕೆ ಬೇಕಾಗಿದ್ದೂ ಇದೇ. ದೃಷ್ಟಿ ಬದಲಿಸೋಕೆ ಸಂಬಳ ಕೊಡಬೇಕಾಗಿಲ್ಲ. ಇನ್ನೊಬ್ಬ ನರ್ಸ್ ಬಂದರೆ ಪ್ರತಿ ತಿಂಗಳೂ ಕೊಡಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತಾರಲ್ವಾ? ಇಲ್ಲಿ ತೊಂದರೆ ಏನಂದರೆ ನೆಲ ನಿಜಕ್ಕೂ ಡೊಂಕು, ಅದನ್ನು ಅಳೆದೂ ಆಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಲೆಕ್ಕ ಹಿಡಿದು ನರ್ಸಿಂಗ್ ಸಂಶೋಧಕಿ ಲಿಂಡಾ ಏಕೆನ್ ತಂಡ 2002ರಲ್ಲಿ ಹೇಳಿದ್ದು: ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ, ಆ ನರ್ಸ್ ಕೆಲಸದ ಒತ್ತಡಕ್ಕೆ ಪೂರ್ತಿ ಬಸವಳಿದು ಬರ್ನ್‌ಔಟ್ ಆಗುವ ಸಾಧ್ಯತೆ ಶೇ 23ರಷ್ಟು ಏರುತ್ತದೆ. ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆಯೂ ಶೇ 7ರಷ್ಟು ಏರುತ್ತದೆ. ಆ ರೋಗಿಗಳ ದೃಷ್ಟಿಯೂ ಸರಿ ಇರಲಿಲ್ಲ ಅಂತ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟ್ ಕಾಯಿಲೆ ಅಲ್ಲ, ಕೆಲಸದ ಜಾಗಕ್ಕೆ ಸಂಬಂಧಪಟ್ಟ ವಿದ್ಯಮಾನ ಅಂತ ಹೇಳಿತು. ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಬರುವಂಥದ್ದು ಅಂತಲೂ ಹೇಳಿತು. ಯಾರು ನಿಭಾಯಿಸಬೇಕಿತ್ತು ಅನ್ನೋದನ್ನು ಮಾತ್ರ ಹೇಳಲಿಲ್ಲ ನೋಡಿ, ಆ ಖಾಲಿ ಜಾಗದಲ್ಲಿ ಆಸ್ಪತ್ರೆಗಳು ಸಿಸ್ಟರ್ ಹೆಸರನ್ನು ಬರೆದುಕೊಂಡವು. ರೋಸ್ಟರ್ ಹಾಕೋದು ಅವರಲ್ಲ, ರಜೆ ಮಂಜೂರು ಮಾಡೋದು ಅವರಲ್ಲ, ವಾರ್ಡಿಗೆ ಎಷ್ಟು ಜನ ಅಂತ ತೀರ್ಮಾನಿಸೋದಂತೂ ಅವರಲ್ಲವೇ ಅಲ್ಲ. ಆದರೆ ನಿಭಾಯಿಸಬೇಕಾದವರು ಮಾತ್ರ ಅವರೇ.

ಕೊನೆಗೆ ಒಂದು ಫಾರಂ ಕೊಟ್ಟರು. ಪಕ್ಕದ ಸಿಸ್ಟರ್ ಎಚ್ಚೆತ್ತು ಮೊದಲು ವಾರ್ಡಿಗೆ ಫೋನ್ ಮಾಡಿ ಬೆಡ್ 14 ಹೇಗಿದ್ದಾರೆ ಅಂತ ವಿಚಾರಿಸಿದರು. ಆಮೇಲೆ 'ಸಲಹೆಗಳು' ಅನ್ನುವ ಕಡೆ ಎರಡೇ ಪದ ಬರೆದರು: "ಇನ್ನೊಬ್ಬರು ಬೇಕು."

ಸಲಹೆಯನ್ನು ಆಡಳಿತ ಬಹಳ ಗಂಭೀರವಾಗಿ ತಗೊಂಡಿತು. ವಾರದೊಳಗೆ ಇನ್ನೊಬ್ಬರು ಬಂದರು. ತರಬೇತುದಾರರು.